ಮಳೆಗಾಲ ದಾಟಿ ಉಳಿಯಬೇಕಾದ ಫೈಲುಗಳು: ಕೊಡಗಿನ ಮನೆಗೆ ಡೇಟಾ ಸಂಗ್ರಹ ವ್ಯವಸ್ಥೆ ಆರಿಸುವ ಬಗೆ

ನಮ್ಮಜ್ಜ ಮಳೆ ಬರೆದಿಡುತ್ತಿದ್ದರು. ಕಾಫಿ ತೋಟ ಇರುವ ಮನೆಗಳಲ್ಲಿ ಇದು ಹೊಸದೇನಲ್ಲ. ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆಯುವುದು, ಇಂಚು ಸೆಂಟಿನ ಲೆಕ್ಕದಲ್ಲಿ ಒಂದು ಸಾಲು ಬರೆಯುವುದು. 1961ರಲ್ಲಿ ಶುರುವಾದ ಆ ಬರವಣಿಗೆ ಮೂರು ದಪ್ಪ ಪುಸ್ತಕ ತುಂಬಿತ್ತು. ಅವನ್ನೆಲ್ಲ ನಾನು ಸ್ಕ್ಯಾನ್ ಮಾಡಿ, ಮದುವೆ ಫೋಟೋ, ತೋಟದ ಲೆಕ್ಕ, ಅಜ್ಜಿಯ ದನಿ ರೆಕಾರ್ಡು ಎಲ್ಲದರ ಜೊತೆ ಒಂದೇ ಹಾರ್ಡ್ ಡಿಸ್ಕಿನಲ್ಲಿ ಹಾಕಿಟ್ಟಿದ್ದೆ. ಏಪ್ರಿಲ್ ತಿಂಗಳ ಒಂದು ಸಂಜೆ ಡಿಸ್ಕು ಕಂಪ್ಯೂಟರಿಗೆ ಸಿಕ್ಕಿಸಿದಂತೆಯೇ ಇತ್ತು. ತೋಟದ ಅಂಚಿನ ಸಿಲ್ವರ್ ಮರಕ್ಕೆ ಸಿಡಿಲು ಬಡಿಯಿತು. ಕಂಪ್ಯೂಟರು, ಮೋಡೆಮ್ಮು, ಡಿಸ್ಕು ಮೂರೂ ಒಟ್ಟಿಗೆ ಹೋದವು. ಪುಸ್ತಕವಾದರೂ ಇದೆಯಲ್ಲ ಎಂದು ಪೆಟ್ಟಿಗೆ ತೆಗೆದರೆ ಎರಡನೆಯದರ ಒಂದಷ್ಟು ಪುಟ ಬೂಷ್ಟು ಹಿಡಿದು ಹಲಗೆಯಂತೆ ಅಂಟಿಕೊಂಡಿತ್ತು. 1974ರ ಜೂನಿನಿಂದ 1975ರ ಏಪ್ರಿಲ್‌ವರೆಗಿನ ಮಳೆ ಈಗ ಯಾರ ಬಳಿಯೂ ಇಲ್ಲ.

ಆಮೇಲೆ ನಾನು ಕಲಿತು, ಮನೆಯಲ್ಲಿ ಮಾಡಿ, ನಾಲ್ಕಾರು ನೆಂಟರ ಮನೆಗಳಲ್ಲೂ ಮಾಡಿಕೊಟ್ಟ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ. ಯಾವ ಡಿಸ್ಕು ಒಳ್ಳೆಯದು ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ನಮ್ಮ ಕಡೆ ಡಿಸ್ಕು ಸವೆದು ಸಾಯುವುದಕ್ಕೆ ಮೊದಲೇ ಕರೆಂಟೋ ತೇವವೋ ಮಣ್ಣೋ ಅದನ್ನು ಮುಗಿಸುತ್ತದೆ. ಆದ್ದರಿಂದ ನಮ್ಮ ಆಯ್ಕೆ ಈ ಮೂರನ್ನು ನೋಡಿಕೊಂಡೇ ಆಗಬೇಕು.

ಹಂತ 1: ಏನೇನಿದೆ ಎಂದು ಮೂರು ರಾಶಿ ಮಾಡಿ

ಒಂದು ಭಾನುವಾರ ಇದಕ್ಕೇ ಕೊಡಿ. ಫೋನು, ಹಳೆ ಲ್ಯಾಪ್‌ಟಾಪು, ಡ್ರಾಯರಿನಲ್ಲಿರುವ ಪೆನ್‌ಡ್ರೈವು, ಮೆಮೊರಿ ಕಾರ್ಡು, ಸಿಡಿ ಎಲ್ಲ ಒಂದು ಮೇಜಿನ ಮೇಲೆ ಬರಲಿ.

ಮೊದಲ ರಾಶಿ, ಹೋದರೆ ಮತ್ತೆ ಸಿಗದವು. ಕುಟುಂಬದ ಫೋಟೋ, ಹಿರಿಯರ ಧ್ವನಿ, ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹಳೆ ಪತ್ರಗಳ ಸ್ಕ್ಯಾನು, ವಂಶವೃಕ್ಷ, ಮಳೆ ಪುಸ್ತಕ, ನೀವೇ ಬರೆದ ಬರಹ. ಎರಡನೆಯದು, ಹೋದರೆ ಅಲೆದಾಡಿ ಮತ್ತೆ ತರಬಹುದಾದವು. ಪಹಣಿ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ, ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟು ಬ್ಯಾಂಕಿನಲ್ಲಿ. ಮೂರನೆಯದು ಸಿನಿಮಾ, ವಾಟ್ಸ್ಆ್ಯಪಿನ ಶುಭೋದಯದ ಚಿತ್ರಗಳು, ಒಂದೇ ಫೋಟೋದ ಹತ್ತು ಪ್ರತಿ. ಇವಕ್ಕೆ ದುಡ್ಡು ಖರ್ಚು ಮಾಡುವುದು ಬೇಡ.

ಜಮ್ಮಾ ಬಾಣೆಯ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಕಾಗದ ಇಟ್ಟುಕೊಂಡವರು ಒಂದು ವಿಷಯ ಗಮನಿಸಿ. ಸ್ಕ್ಯಾನು ಮೂಲ ಪತ್ರದ ಜಾಗದಲ್ಲಿ ನಿಲ್ಲುವುದಿಲ್ಲ. ಡಿಜಿಲಾಕರ್ 2015ರಿಂದ ಇದೆ, ಅದರಲ್ಲಿ ಇಲಾಖೆಯೇ ನೇರವಾಗಿ ಕೊಟ್ಟ ದಾಖಲೆಗೆ ಮೂಲದ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಅದಕ್ಕೆ ಏರಿಸಿದ ಕಾಗದಕ್ಕೆ ಆ ಮಾನ್ಯತೆ ಇಲ್ಲ. ಆದರೂ ಸ್ಕ್ಯಾನ್ ಬೇಕು. ಮೂಲ ಕಳೆದುಹೋದ ದಿನ ಯಾವ ವರ್ಷದ ಯಾವ ನಂಬರಿನ ಪತ್ರ ಎಂದು ಹೇಳಲು ಅದೇ ಆಧಾರ.

'ನುಡಿ' ಅಥವಾ 'ಬರಹ' ಎಂಬ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪು ಮಾಡಿದ ಫೈಲುಗಳಿದ್ದರೆ ಅವನ್ನೂ ಮೊದಲ ರಾಶಿಗೇ ಹಾಕಿ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಅಕ್ಷರ ಸಂಕೇತ ಕನ್ನಡದಲ್ಲಿ ಬಳಕೆಗೆ ಬರುವ ಮೊದಲಿನ ಆ ಫಾಂಟುಗಳಲ್ಲಿರುವ ಬರಹ, ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಡಿಸ್ಕು ಗಟ್ಟಿಯಾಗಿದ್ದೂ ಬರಹ ಓದಲು ಬಾರದ ಸ್ಥಿತಿ ಅದು. ಈಗಲೇ ಯುನಿಕೋಡಿಗೆ ಪರಿವರ್ತಿಸಿ, ಜೊತೆಗೆ ಫಾಂಟು ಒಳಗೇ ಸೇರಿಸಿದ ಪಿಡಿಎಫ್ ಒಂದು ಮಾಡಿಡಿ.

ಹಂತ 2: ಎಷ್ಟು ಜಾಗ ಬೇಕು?

ಮೊದಲ ಎರಡು ರಾಶಿಯ ಗಾತ್ರ ಕೂಡಿಸಿ, ಅದರ ಎರಡರಷ್ಟು ಜಾಗದ ಡಿಸ್ಕು ನೋಡಿ. ಇನ್ನೂ ಸ್ಕ್ಯಾನ್ ಆಗದ್ದಕ್ಕೆ ಅಂದಾಜು ಹೀಗೆ ಹಾಕಬಹುದು. ಆರು ಇಂಚು, ನಾಲ್ಕು ಇಂಚಿನ ಹಳೆ ಫೋಟೋವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ 3600 ಗುಣಿಸು 2400 ಚುಕ್ಕಿ, ಕುಗ್ಗಿಸದ ಟಿಫ್ ಆದರೆ ಸುಮಾರು 26 ಎಂಬಿ. ಸಾವಿರ ಫೋಟೋಗೆ 26 ಜಿಬಿ. ಕಾಗದ ಪತ್ರಕ್ಕೆ 300 ಡಿಪಿಐ ಸಾಕು. ಅಜ್ಜಿಯ ಹಾಡಿನ ಕ್ಯಾಸೆಟ್ಟನ್ನು ಕುಗ್ಗಿಸದ ವೇವ್ ಫೈಲು ಮಾಡಿದರೆ ಗಂಟೆಗೆ 600 ಎಂಬಿಯ ಮೇಲೆ.

ಜಾಗ ನಿಜವಾಗಿ ತಿನ್ನುವುದು ಫೋನಿನ ವಿಡಿಯೋ. ಐಫೋನಿನಲ್ಲಿ ಹೊಸ ಕುಗ್ಗಿಸುವ ವಿಧಾನದಲ್ಲೂ 4ಕೆ ವಿಡಿಯೋ ನಿಮಿಷಕ್ಕೆ 170 ಎಂಬಿ ಹತ್ತಿರ ಬರುತ್ತದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಎರಡು ಗಂಟೆಯ ಕುಣಿತಕ್ಕೆ 20 ಜಿಬಿ ಹೋಯಿತು. ಸಾಮಾನ್ಯ ಮನೆಬಳಕೆಗೆ ಅದಕ್ಕಿಂತ ಕೆಳಗಿನ 1080 ಗುಣಮಟ್ಟ ಸಾಕು.

ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಮೊದಲ ರಾಶಿ 300ರಿಂದ 600 ಜಿಬಿಯೊಳಗೆ ಮುಗಿಯಿತು. ಹೋಂಸ್ಟೇ ನಡೆಸುವವರು, ಕ್ಯಾಮೆರಾ ಹುಚ್ಚಿರುವವರು ಮಾತ್ರ 2 ಟಿಬಿ ದಾಟಿದರು. ಅಂಗಡಿಯಲ್ಲಿ 1 ಟಿಬಿ ಎಂದು ಕೊಟ್ಟ ಡಿಸ್ಕು ವಿಂಡೋಸಿನಲ್ಲಿ 931 ಜಿಬಿ ತೋರಿಸಿದರೆ ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಹಂತ 3: ನಿಮ್ಮ ಮನೆಗೆ ಅಪಾಯ ಎಲ್ಲಿಂದ ಬರುತ್ತದೆ ನೋಡಿ

ಇದನ್ನು ಮನೆಯ ಹೊರಗೆ ನಿಂತು ಮಾಡಿ. ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಇದೆಯೇ? ಕರೆಂಟು ಲೈನು ಮರಗಳ ನಡುವೆ ಬರುತ್ತದೆಯೇ? ಹೊಳೆ ಎಷ್ಟು ದೂರ?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಟು ಬಂದರು. ಮರುವರ್ಷ ಆಗಸ್ಟಿನಲ್ಲೇ ತೋರದಲ್ಲಿ ಕುಸಿತ, ಕರಡಿಗೋಡು ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಯೊಳಗೆ. 2020ರ ಆಗಸ್ಟ್, ತಲಕಾವೇರಿಯ ಗಜಗಿರಿ ಬೆಟ್ಟ. ಆ ದಿನಗಳಲ್ಲಿ ಹಾರ್ಡ್ ಡಿಸ್ಕು ಎತ್ತಿಕೊಳ್ಳಲು ಯಾರಿಗೂ ನೆನಪಾಗುವುದಿಲ್ಲ, ನೆನಪಾಗಲೂಬಾರದು. ಜೀವ ಹಿಡಿದು ಹೊರಟವರ ಫೋಟೋ ಬೇರೆ ಊರಲ್ಲಿ ಮೊದಲೇ ಇರಬೇಕು. ನಮ್ಮ ವ್ಯವಸ್ಥೆಯ ಉದ್ದೇಶವೇ ಅದು.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರ ಇದನ್ನೇ ಹೇಳುತ್ತದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯ ಹೊರಗೆ. ಕೊಡಗಿನಲ್ಲಿ ಈ 'ಹೊರಗೆ' ಎನ್ನುವುದನ್ನು ಸ್ವಲ್ಪ ಬಿಗಿಯಾಗಿ ಓದಬೇಕು. ನಿಮ್ಮದು ಕರಡಿಗೋಡಾದರೆ ನೆಲ್ಯಹುದಿಕೇರಿಯ ಅಕ್ಕನ ಮನೆ ಹೊರಗಿನದಲ್ಲ, ಎರಡಕ್ಕೂ ಬರುವುದು ಒಂದೇ ಹೊಳೆ. ಮೈಸೂರು, ಹಾಸನ, ಬೆಂಗಳೂರಿನಲ್ಲಿ ಓದುವ ಮಕ್ಕಳೋ ತಮ್ಮನೋ ಇದ್ದರೆ ಅಲ್ಲಿ ಒಂದು ಪ್ರತಿ ಇರಲಿ.

ಮಣ್ಣು ನೀರಿನಷ್ಟೇ ಅಪಾಯ ನಮ್ಮ ಕೈಯಿಂದಲೂ ಉಂಟು. ತಪ್ಪಿ ಅಳಿಸುವುದು, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು. ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕನ್ನೂ ಆ ವೈರಸ್ಸು ಬಿಡುವುದಿಲ್ಲ. ಸಿಡಿಲೂ ಹಾಗೆಯೇ. ಹಾಗಾಗಿ ಒಂದು ಪ್ರತಿಯಾದರೂ ಯಾವುದಕ್ಕೂ ಸಿಕ್ಕಿಸದೆ ಪೆಟ್ಟಿಗೆಯಲ್ಲಿರಬೇಕು.

ಹಂತ 4: ಸಾಧನ ಆರಿಸುವುದು

ಪಕ್ಕದ ಮನೆಯ ಅಣ್ಣ ಕೇಳಿದ್ದರು, "ಎಲ್ಲ ಫೋನಲ್ಲೇ ಉಂಟಲ್ಲ, ಮತ್ತೆ ಡಿಸ್ಕು ಯಾಕೆ?" ಫೋನು ಪ್ರತಿ ಅಲ್ಲ, ಅದು ಮೂಲ. ಗದ್ದೆ ಕೆಸರಿಗೆ ಬಿದ್ದರೆ ಮುಗಿಯಿತು.

ಪೋರ್ಟಬಲ್ ಹಾರ್ಡ್ ಡಿಸ್ಕು. ಹೆಚ್ಚಿನ ಮನೆಗೆ ಇದೇ ಸರಿ ಎಂದು ನನ್ನ ಅಭಿಪ್ರಾಯ. ಎರಡೂವರೆ ಇಂಚಿನದು ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ, ಬೇರೆ ಅಡಾಪ್ಟರ್ ಬೇಡ, ಅಂದರೆ ಗೋಡೆಯ ಸಾಕೆಟ್ಟಿನಿಂದ ಸಿಡಿಲು ಬರುವ ಒಂದು ದಾರಿ ಕಡಿಮೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಪ್ರತಿ ಮಾಡಿದರೆ ಆ ಭಯವೂ ಇಲ್ಲ. ಮೂರೂವರೆ ಇಂಚಿನದಕ್ಕೆ 12 ವೋಲ್ಟಿನ ಅಡಾಪ್ಟರ್ ಬೇಕೇ ಬೇಕು. ಈ ಚಿಕ್ಕ ಡಿಸ್ಕುಗಳಲ್ಲಿ ಬಹುಪಾಲು ಎಸ್ಎಂಆರ್ ಎಂಬ ವಿಧಾನದವು. ಬರೆಯುವ ಪಟ್ಟಿಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವುದರಿಂದ ಹಳೆಯದನ್ನು ತಿದ್ದಿ ಬರೆಯುವಾಗ ನಿಧಾನ. ಒಮ್ಮೆ ಬರೆದು ಎತ್ತಿಡುವ ಕೆಲಸಕ್ಕೆ ತೊಂದರೆಯಿಲ್ಲ. ಎರಡು ಡಿಸ್ಕು ಕೊಳ್ಳುವಾಗ ಬೇರೆ ಬೇರೆ ಕಂಪನಿಯದು ಕೊಳ್ಳಿ, ಒಂದೇ ತಯಾರಿಕೆಯ ದೋಷ ಎರಡಕ್ಕೂ ಬರುವುದು ತಪ್ಪುತ್ತದೆ.

ಎಸ್ಎಸ್‌ಡಿ. ಇದು ಚಿಪ್ಪಿನಲ್ಲಿ ಬರೆಯುವ ಡಿಸ್ಕು. ತಿರುಗುವ ಭಾಗವಿಲ್ಲ, ಜೀಪಿನ ಕುಲುಕಾಟಕ್ಕೆ ಹೆದರುವುದಿಲ್ಲ, ಬೇಗ ಬರೆಯುತ್ತದೆ. ದಿನದ ಕೆಲಸಕ್ಕೆ ಬಹಳ ಒಳ್ಳೆಯದು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮುಚ್ಚಿಡಲು ನಾನು ಇದನ್ನು ಆರಿಸುವುದಿಲ್ಲ. ಅದರೊಳಗೆ ಮಾಹಿತಿ ವಿದ್ಯುತ್ ಆವೇಶವಾಗಿ ನಿಂತಿರುತ್ತದೆ, ಕರೆಂಟಿಲ್ಲದೆ ಬಹಳ ಕಾಲ ಬಿಟ್ಟರೆ ಅದು ಮೆಲ್ಲಗೆ ಸೋರುತ್ತದೆ. ಬಳಸಿ ಸವೆದ ಎಸ್ಎಸ್‌ಡಿಗೆ ಇದು ಇನ್ನೂ ಬೇಗ. ಇಟ್ಟರೆ ಆರು ತಿಂಗಳಿಗೊಮ್ಮೆ ಸಿಕ್ಕಿಸಿ ಓದಿಸಿ.

ಪೆನ್‌ಡ್ರೈವು ಸಾಗಿಸಲು ಮಾತ್ರ. ಅದರಲ್ಲೂ ಸಂತೆಯಲ್ಲಿ ಅಗ್ಗಕ್ಕೆ 1 ಟಿಬಿ ಎಂದು ಮಾರುವುದು ಹೆಚ್ಚಾಗಿ ನಕಲಿ. ಒಳಗೆ ಇರುವುದು 32 ಅಥವಾ 64 ಜಿಬಿ, ತುಂಬಿದ ಮೇಲೆ ಹೊಸ ಫೈಲು ಹಳೆಯದರ ಮೇಲೆ ಬೀಳುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಚಿಕ್ಕ ಉಚಿತ ಪ್ರೋಗ್ರಾಮಿನಿಂದ ಪೂರ್ತಿ ಬರೆಸಿ ಓದಿಸಿ ನೋಡಿದರೆ ಗೊತ್ತಾಗುತ್ತದೆ.

ನಾಸ್. ಇದು ಮನೆಯ ವೈಫೈಗೆ ಸೇರಿಕೊಂಡು ಹಗಲಿರುಳು ನಡೆಯುವ, ಎರಡು ಅಥವಾ ಹೆಚ್ಚು ಡಿಸ್ಕಿನ ಪೆಟ್ಟಿಗೆ. ಸಿನಾಲಜಿ, ಕ್ಯೂನ್ಯಾಪ್ ಕಂಪನಿಗಳದು ಹೆಚ್ಚು ಪರಿಚಿತ. ನಾಲ್ಕೈದು ಜನರ ಫೋನಿನಿಂದ ಫೋಟೋ ತಾನಾಗಿ ಬಂದು ಸೇರಬೇಕು, ಹೋಂಸ್ಟೇ ಲೆಕ್ಕ ಎರಡು ಕಂಪ್ಯೂಟರಿನಲ್ಲಿ ನೋಡಬೇಕು ಎನ್ನುವವರಿಗೆ ಇದು ನಿಜಕ್ಕೂ ಅನುಕೂಲ. ಎರಡು ಡಿಸ್ಕಿನದು ಸುಮಾರು 20 ವಾಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 14ರಿಂದ 15 ಯೂನಿಟ್. ಖರ್ಚು ದೊಡ್ಡದಲ್ಲ, ಕರೆಂಟು ಬಂದು ಹೋಗುವುದು ದೊಡ್ಡದು. ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲು ವ್ಯವಸ್ಥೆ ಕೆಡಬಹುದು, ಹಾಗಾಗಿ ಯುಎಸ್‌ಬಿ ತಂತಿಯಿಂದ ನಾಸ್‌ಗೆ 'ಇನ್ನು ಮುಚ್ಚಿಕೋ' ಎಂದು ಸೂಚನೆ ಕೊಡುವ ಯುಪಿಎಸ್ ಇಲ್ಲದೆ ಇದನ್ನು ತರಬೇಡಿ. ಡಿಸ್ಕು ಪಟ್ಟಿಗಳು ಒಂದರ ಮೇಲೊಂದು ಬರದ ಸಿಎಂಆರ್ ವಿಧಾನದ್ದೇ ಇರಲಿ, ಐರನ್‌ವುಲ್ಫ್, ರೆಡ್ ಪ್ಲಸ್ ಅಂಥವು. ನಾಸಿನ ರೈಡ್ 1 ಎಂಬ ಜೋಡಣೆಯಲ್ಲಿ ಎರಡು ಡಿಸ್ಕು ಒಂದನ್ನೊಂದು ಪ್ರತಿಬಿಂಬಿಸುತ್ತವೆ, ನಿಜ. ಆದರೆ ಒಂದರಲ್ಲಿ ಅಳಿಸಿದ್ದು ಮರುಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ, ಸಿಡಿಲು ಎರಡಕ್ಕೂ ಒಟ್ಟಿಗೆ ಬಡಿಯುತ್ತದೆ. ಮೂರು ಪ್ರತಿಯ ಲೆಕ್ಕದಲ್ಲಿ ಇಡೀ ನಾಸನ್ನು ಒಂದೇ ಎಂದು ಎಣಿಸಿ.

ಕ್ಲೌಡ್. ಅಂದರೆ ನೆಟ್ಟಿನ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದು. ಗೂಗಲ್ 15 ಜಿಬಿ, ಐಕ್ಲೌಡ್ 5 ಜಿಬಿ ಉಚಿತ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಹಾಕಬಹುದಾಗಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ತೀರಿಹೋದ ಹಿರಿಯರ ಫೋನಿನ ಖಾತೆ ಇದ್ದರೆ ಇವತ್ತೇ ನೋಡಿ. ಗುಡ್ಡ ದಾಟಿದ ಪ್ರತಿ ಬೇಕೆಂದರೆ ಕ್ಲೌಡಿನಷ್ಟು ಸುಲಭದ್ದು ಬೇರೆ ಇಲ್ಲ, ಆದರೆ ನಮ್ಮ ನೆಟ್ಟಿನ ಲೆಕ್ಕ ಹಾಕಬೇಕು. ಏರಿಸುವ ವೇಗ 10 ಎಂಬಿಪಿಎಸ್ ಇದ್ದರೆ 500 ಜಿಬಿ ಏರಲು 111 ಗಂಟೆ, ಅಂದರೆ ನಿಲ್ಲದೆ ನಾಲ್ಕೂವರೆ ದಿನದ ಮೇಲೆ. 50 ಇದ್ದರೆ 22 ಗಂಟೆ. ಜುಲೈಯಲ್ಲಿ ನಿಲ್ಲದ ನಾಲ್ಕು ದಿನ ಎಲ್ಲಿ ಸಿಗುತ್ತದೆ? ಮೊದಲ ದೊಡ್ಡ ಏರಿಕೆಯನ್ನು ಜನವರಿ ಫೆಬ್ರವರಿಯಲ್ಲಿ ಮುಗಿಸಿ, ಆಮೇಲೆ ತಿಂಗಳಿಗೆ ಬರುವ ಹೊಸ ಫೋಟೋ ಮಾತ್ರ ಹೋಗಲಿ. ಸೆಟ್ಟಿಂಗಿನಲ್ಲಿ ಮೂಲ ಗುಣಮಟ್ಟ ಆರಿಸಲು ಮರೆಯಬೇಡಿ, ಇಲ್ಲದಿದ್ದರೆ ಕುಗ್ಗಿಸಿದ ಫೋಟೋ ಹೋಗುತ್ತದೆ.

ಹಂತ 5: ಮನೆಗೆ ತಕ್ಕ ಜೋಡಣೆ

ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ: ಒಂದು ಲ್ಯಾಪ್‌ಟಾಪು, 1 ಟಿಬಿಯ ಎರಡು ಪೋರ್ಟಬಲ್ ಡಿಸ್ಕು, ತೀರಾ ಬೇಕಾದ ಫೋಟೋ ಮತ್ತು ಕಾಗದ ಕ್ಲೌಡಿನಲ್ಲಿ. ಡಿಸ್ಕು ಒಂದು ಮನೆಯಲ್ಲಿ, ಒಂದು ಮೈಸೂರಿನಲ್ಲಿ. ಬಂದು ಹೋಗುವಾಗ ಅದಲು ಬದಲು.

ಮಕ್ಕಳು, ಮೊಮ್ಮಕ್ಕಳು ಸೇರಿ ಐದಾರು ಫೋನು ಇರುವ, ಕರೆಂಟಿಗೆ ಯುಪಿಎಸ್ ಇಡಲು ಸಿದ್ಧವಿರುವ ಮನೆಗೆ: ಎರಡು ಡಿಸ್ಕಿನ ನಾಸ್, ಅದರಿಂದ ತಿಂಗಳಿಗೊಮ್ಮೆ ಒಂದು ಪೋರ್ಟಬಲ್ ಡಿಸ್ಕಿಗೆ ಪ್ರತಿ, ಆ ಡಿಸ್ಕು ಊರಾಚೆ.

ನಾಸ್ ನೋಡಿಕೊಳ್ಳುವವರು ಮನೆಯಲ್ಲೇ ಇರಬೇಕು. ಬೆಂಗಳೂರಿನಲ್ಲಿರುವ ಮಗ ಬಂದು ಕೂರಿಸಿ ಹೋದ ನಾಸ್, ಮೊದಲ ಮಳೆಗಾಲದಲ್ಲಿ ಕೆಂಪು ದೀಪ ತೋರಿಸಿ ಎರಡು ತಿಂಗಳು ಯಾರೂ ನೋಡದೆ ಕೂತದ್ದನ್ನು ಕಂಡಿದ್ದೇನೆ. ಅನುಮಾನವಿದ್ದರೆ ಎರಡು ಡಿಸ್ಕಿನ ಜೋಡಣೆಯನ್ನೇ ಆರಿಸಿ.

ಹಂತ 6: ಡಿಸ್ಕು ಸಿದ್ಧ ಮಾಡಿ, ಪ್ರತಿ ಮಾಡಿ

ಹೊಸ ಡಿಸ್ಕಿಗೆ ಮೊದಲು ಹೆಸರಿಡಿ, ಒಳಗೂ ಹೊರಗೂ. ನಮ್ಮವು 'ಮನೆ', 'ಮೈಸೂರು' ಎಂದು. ಸ್ಟಿಕ್ಕರಿನಲ್ಲಿ ಕೊಂಡ ತಿಂಗಳೂ ಇರಲಿ. ಮನೆಯಲ್ಲಿ ವಿಂಡೋಸ್ ಮಾತ್ರ ಇದ್ದರೆ ಎನ್‌ಟಿಎಫ್ಎಸ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್, ಆದರೆ ತಂತಿ ಎಳೆಯುವ ಮೊದಲು ಇಜೆಕ್ಟ್ ಕೊಡುವುದನ್ನು ಕಟ್ಟುನಿಟ್ಟಾಗಿ ಪಾಲಿಸಿ, ಅರ್ಧ ಬರೆದಾಗ ಕಡಿದರೆ ಎಕ್ಸ್‌ಫ್ಯಾಟ್ ಬೇಗ ಕೆಡುತ್ತದೆ. ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಹಿಡಿಯುವುದಿಲ್ಲ.

ಫೋಲ್ಡರು ಆಳವಾಗಿ ಕಟ್ಟಬೇಡಿ. ವರ್ಷ, ಅದರೊಳಗೆ ತಿಂಗಳು ಮತ್ತು ಸಂದರ್ಭ: '2019-12 ಹುತ್ತರಿ'. ಕಾಗದಪತ್ರಕ್ಕೆ ಒಂದು ಫೋಲ್ಡರು, ಧ್ವನಿಗೆ ಒಂದು, ತೋಟದ ಲೆಕ್ಕಕ್ಕೆ ಒಂದು. ವರ್ಷ ಮೊದಲು ಬರೆದರೆ ತಾನಾಗಿ ಸಾಲಾಗಿ ನಿಲ್ಲುತ್ತದೆ. ಫೋಟೋದಲ್ಲಿ ಯಾರಿದ್ದಾರೆ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಒಂದು ಸಾದಾ ಬರಹದ ಫೈಲಿನಲ್ಲಿ ಅದೇ ಫೋಲ್ಡರಿಗೆ ಹಾಕಿ. ನಮ್ಮಲ್ಲಿ ಎಂಟು ಜನ ನಿಂತ ಒಂದು ಫೋಟೋ ಇದೆ, ಐವರ ಹೆಸರು ಹೇಳುವವರು ಈಗ ಇಲ್ಲ.

ವಾಟ್ಸ್ಆ್ಯಪಿನಲ್ಲಿ ಬಂದ ಫೋಟೋವನ್ನು ಮೂಲ ಎಂದು ತೆಗೆದುಕೊಳ್ಳಬೇಡಿ, ಅದು ಕುಗ್ಗಿರುತ್ತದೆ. ತೆಗೆದವರ ಹತ್ತಿರ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಅಥವಾ ಡಿಸ್ಕು ಹಿಡಿದೇ ಹೋಗಿ.

ಪ್ರತಿ ಮಾಡಲು ವಿಂಡೋಸಿನಲ್ಲಾಗಲಿ ಮ್ಯಾಕಿನಲ್ಲಾಗಲಿ ಫ್ರೀಫೈಲ್‌ಸಿಂಕ್ ಎಂಬ ಪ್ರೋಗ್ರಾಮು ಸಾಕು. ಮ್ಯಾಕಿನ ಟೈಮ್ ಮಷೀನ್ ಎಕ್ಸ್‌ಫ್ಯಾಟ್ ಡಿಸ್ಕಿನ ಮೇಲೆ ನೇರವಾಗಿ ನಡೆಯುವುದಿಲ್ಲ. ಫ್ರೀಫೈಲ್‌ಸಿಂಕಿನಲ್ಲಿ 'ಮಿರರ್' ಮತ್ತು 'ಅಪ್‌ಡೇಟ್' ಎಂಬ ಎರಡರ ವ್ಯತ್ಯಾಸ ತಿಳಿದುಕೊಂಡೇ ಒತ್ತಿ. ಮಿರರ್ ಕೊಟ್ಟರೆ ಲ್ಯಾಪ್‌ಟಾಪಿನಲ್ಲಿ ಇಲ್ಲದ್ದು ಡಿಸ್ಕಿನಿಂದಲೂ ಅಳಿಯುತ್ತದೆ. ಅಪ್‌ಡೇಟ್ ಹೊಸದನ್ನು ಸೇರಿಸುತ್ತದೆ, ಅಳಿಸುವುದಿಲ್ಲ. ಆದರೆ ಬದಲಾದ ಫೈಲು ಹಳೆಯದರ ಮೇಲೆ ಕೂರುತ್ತದೆ, ಆದ್ದರಿಂದ 'ವರ್ಷನಿಂಗ್' ಆಯ್ಕೆ ಹಾಕಿ ಹಳೆಯದು ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿಗೆ ಮೂರು ಗಂಟೆ ಹತ್ತಿರ ಹಿಡಿಯುತ್ತದೆ, ಚಿಕ್ಕ ಫೈಲು ಬಹಳ ಇದ್ದರೆ ಇನ್ನೂ ಹೆಚ್ಚು. ಮುಗಿದ ಮೇಲೆ ಅದೇ ಪ್ರೋಗ್ರಾಮಿನಲ್ಲಿ ಫೈಲಿನ ಒಳಗನ್ನು ಹೋಲಿಸುವ ಆಯ್ಕೆ ಕೊಟ್ಟು ಇನ್ನೊಮ್ಮೆ ಓಡಿಸಿ. ಬರೆದದ್ದು ಸರಿಯಾಗಿ ಬರೆದಿದೆ ಎಂದು ತಿಳಿಯುವುದು ಆಗ.

ಫೈಲಿಗೆ ಪಾಸ್‌ವರ್ಡಿನ ಬೀಗ ಹಾಕುವ ಬಗ್ಗೆ ನನ್ನ ನಿಲುವು ಹೀಗಿದೆ. ಜಮೀನಿನ ಕಾಗದ, ಆಧಾರ್, ಬ್ಯಾಂಕ್ ವಿವರ ಇವು ಊರಾಚೆ ಹೋಗುವ ಡಿಸ್ಕಿನಲ್ಲಿ ವೆರಾಕ್ರಿಪ್ಟ್ ಎಂಬ ಪ್ರೋಗ್ರಾಮಿನಲ್ಲಿ ಮಾಡಿದ ಒಂದು ಬೀಗದ ಫೋಲ್ಡರಿನಂಥ ಫೈಲಿನೊಳಗೆ ಇರಲಿ. ಫೋಟೋ, ಧ್ವನಿಗೆ ಬೀಗ ಬೇಡ. ಅಜ್ಜಿಯ ಹಾಡು ಕಳ್ಳನಿಗೆ ಸಿಕ್ಕರೆ ನಷ್ಟವಿಲ್ಲ. ಪಾಸ್‌ವರ್ಡ್ ಮರೆತು ಮೊಮ್ಮಕ್ಕಳಿಗೆ ಸಿಗದೆ ಹೋದರೆ ನಷ್ಟವಿದೆ.

ಹಂತ 7: ಕರೆಂಟು ಮತ್ತು ಸಿಡಿಲು

ಮೋಡ ಕಟ್ಟಿದಾಗ, ಗುಡುಗು ಶುರುವಾಗುವ ಮೊದಲೇ ಪ್ಲಗ್ಗು ಕೀಳಿ. ಸ್ವಿಚ್ಚು ಆಫ್ ಮಾಡಿದರೆ ಸಾಲದು, ಹತ್ತಿರ ಬಿದ್ದ ಸಿಡಿಲಿಗೆ ಸ್ವಿಚ್ಚಿನ ಸಣ್ಣ ಸಂದು ಲೆಕ್ಕಕ್ಕಿಲ್ಲ. ನೆಟ್ಟಿನ ತಂತಿಯನ್ನೂ ತೆಗೆಯಿರಿ. ಹಳೆ ತಾಮ್ರದ ಟೆಲಿಫೋನ್ ಲೈನು ಸಿಡಿಲನ್ನು ನೇರ ಮನೆಗೆ ತರುತ್ತಿತ್ತು. ಈಗಿನ ಫೈಬರ್ ಗಾಜು ವಿದ್ಯುತ್ ಹರಿಸುವುದಿಲ್ಲ, ಆದರೆ ಕಂಬದಿಂದ ಎಳೆದ ಕೇಬಲಿನಲ್ಲಿ ಬಿಗಿತಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಮೋಡೆಮ್ಮಿನ ಅಡಾಪ್ಟರ್ ಹೇಗೂ ಗೋಡೆಯಲ್ಲಿದೆ. ಅಲ್ಲಿಂದ ನೆಟ್ಟಿನ ತಂತಿ ಹಿಡಿದು ಕಂಪ್ಯೂಟರಿಗೆ ಬರುತ್ತದೆ.

ಸ್ಪೈಕ್ ಬಸ್ಟರ್ ಸಣ್ಣ ಏರಿಳಿತಕ್ಕೆ ಸಹಾಯ, ಅದೂ ಅರ್ಥಿಂಗ್ ಸರಿಯಿದ್ದರೆ. ಒಳಗಿರುವ ಎಂಒವಿ ಎಂಬ ಭಾಗ ಪ್ರತಿ ಹೊಡೆತಕ್ಕೂ ಸವೆಯುತ್ತದೆ, ಮೂರು ನಾಲ್ಕು ವರ್ಷಕ್ಕೆ ಹೊಸದು ಹಾಕಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ. ಮನೆ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ಚಿದ್ದರೆ ಅದನ್ನು ಹಾಕಿದಾಗ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರು ಸಾಮಾನ್ಯವಾಗಿ ಆರುವುದಿಲ್ಲ. ಆದರೂ ಮಳೆ ಗಾಳಿ ಜೋರಿದ್ದ ದಿನ ಪ್ರತಿ ಮಾಡುವ ಕೆಲಸಕ್ಕೆ ಕೂರಬೇಡಿ.

ಹಂತ 8: ತೇವ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಕ್ಯಾಮೆರಾ ಲೆನ್ಸು ಎಲ್ಲಕ್ಕೂ ಬೂಷ್ಟು ಬರುವ ಮನೆಯಲ್ಲಿ ಡಿಸ್ಕಿಗೂ ತೇವ ತಟ್ಟುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕು ಪೂರ್ತಿ ಮುಚ್ಚಿದ ಡಬ್ಬವಲ್ಲ. ಒತ್ತಡ ಸಮ ಮಾಡಲು ಅದರಲ್ಲಿ ಸೋಸುವ ಪದರವಿರುವ ಒಂದು ಸಣ್ಣ ತೂತಿದೆ. ಸಂಪರ್ಕದ ಲೋಹ ಕಿಲುಬು ಹಿಡಿಯುವುದು ಇನ್ನೊಂದು ತೊಂದರೆ.

ಹಿಂದಿನವರು ಬೆಚ್ಚಗಿಡಬೇಕಾದ್ದನ್ನು ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಡಿಸ್ಕಿಗೆ ಅದು ಆಗದು, ಬಿಸಿ ಮತ್ತು ಮಸಿ ಎರಡೂ ಕೆಟ್ಟದ್ದು. ಬರೆಗೆ ತಾಗಿದ ಹಿಂಗೋಡೆಯ ಕಪಾಟೂ ಬೇಡ. ಮನೆಯ ಒಳಗೋಡೆಗೆ ತಾಗಿದ ಮರದ ಕಪಾಟು ಆರಿಸಿ.

ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ, ದೊಡ್ಡ ಊಟದ ಡಬ್ಬದಂಥದು. ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಜೊತೆಗೊಂದು ಚಿಕ್ಕ ತೇವಮಾಪಕ. ಅದು ಶೇಕಡಾ 40ರಿಂದ 50ರ ನಡುವೆ ತೋರಿಸುತ್ತಿರಲಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ತೇವ ಕುಡಿದಿದೆ ಎಂದರ್ಥ. ಚೀಲದಿಂದ ತೆಗೆದು ಓವನ್ನಿನಲ್ಲಿ 110ರಿಂದ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಮಳೆಗಾಲದಲ್ಲಿ ನಾನು ತಿಂಗಳಿಗೊಮ್ಮೆ ಒಣಗಿಸುತ್ತೇನೆ. ನೀಲಿ ಹರಳಿನ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆಯದೇ ಸರಿ.

ಜನವರಿ ಬೆಳಗಿನ ಚಳಿಯಲ್ಲಿ ಕಾರಿನಲ್ಲೇ ಉಳಿದ ಡಿಸ್ಕನ್ನು ಒಳಗೆ ತಂದ ಕೂಡಲೇ ಸಿಕ್ಕಿಸಬೇಡಿ. ತಣ್ಣನೆ ಲೋಹದ ಮೇಲೆ ಬೆಚ್ಚನೆ ಗಾಳಿಯ ನೀರು ಕೂರುತ್ತದೆ. ಡಬ್ಬ ಮುಚ್ಚಿದಂತೆಯೇ ಒಂದೆರಡು ಗಂಟೆ ಬಿಡಿ. ಬೂಷ್ಟು ಹಿಡಿದ ಹಳೆ ವಿಡಿಯೋ ಕ್ಯಾಸೆಟ್ಟನ್ನೂ ಹಾಗೆಯೇ ಪ್ಲೇಯರಿಗೆ ಹಾಕಬೇಡಿ, ಬೂಷ್ಟು ಯಂತ್ರಕ್ಕೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಮೊದಲು ಶುಚಿ ಮಾಡಿಸಿ.

ಹಂತ 9: ವರ್ಷದ ದಿನಗಳು

ತಿಂಗಳಿಗೊಮ್ಮೆ ಎಂದು ತೀರ್ಮಾನಿಸಿದ್ದು ಮೂರನೇ ತಿಂಗಳಿಗೆ ನಿಲ್ಲುತ್ತದೆ. ನಮ್ಮ ಹಬ್ಬ ಮತ್ತು ತೋಟದ ಕೆಲಸಕ್ಕೆ ಕಟ್ಟಿದ ಮೇಲೆ ನಮ್ಮಲ್ಲಿ ಇದು ತಪ್ಪಿಲ್ಲ.

ಮಾರ್ಚ್ ಕೊನೆಗೆ, ಕಾಫಿ ಕೊಯ್ಲು ಮುಗಿದು ಗುಡುಗು ಜೋರಾಗುವ ಮೊದಲು, ಪೂರ್ತಿ ಪ್ರತಿ. ಜಗತ್ತಿನಲ್ಲಿ ಬ್ಯಾಕಪ್ ದಿನ ಎಂದು ಆಚರಿಸುವುದೂ ಮಾರ್ಚ್ 31ನ್ನೇ. ಮೇ ಕೊನೆಯಲ್ಲಿ ಇನ್ನೊಮ್ಮೆ ಮಾಡಿ, ಆ ಡಿಸ್ಕನ್ನು ಮಳೆ ಹಿಡಿಯುವ ಮೊದಲು ಮೈಸೂರಿಗೆ ಸಾಗಿಸುವುದು, ಅಲ್ಲಿದ್ದದ್ದನ್ನು ತರುವುದು. ವರ್ಷದಲ್ಲಿ ಒಂದೇ ಸಲ ಮಾಡುತ್ತೇನೆ ಎನ್ನುವವರು ಇದನ್ನೇ ಮಾಡಿ. ಆಯುಧಪೂಜೆಯ ದಿನ ಡಿಸ್ಕುಗಳನ್ನು ಹೊರತೆಗೆದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪ್ರೋಗ್ರಾಮಿನಲ್ಲಿ ಅವುಗಳ ಆರೋಗ್ಯ ನೋಡುವುದು. ನೀಲಿ ಇದ್ದರೆ ಸರಿ. ಹಳದಿ ತೋರಿಸಿದರೆ, ಅದರಲ್ಲೂ ಕೆಟ್ಟ ಜಾಗವನ್ನು ಬದಲಿಸಿದ ಸಂಖ್ಯೆ ಪ್ರತಿ ಸಲ ಏರುತ್ತಿದ್ದರೆ, ಅವತ್ತೇ ಹೊಸ ಡಿಸ್ಕಿಗೆ ಹೇಳಿ. ನೀಲಿ ಇದ್ದರೂ ಐದು ವರ್ಷ ದಾಟಿದ ಡಿಸ್ಕನ್ನು ನಾನು ಮೊದಲ ರಾಶಿಗೆ ನಂಬುವುದಿಲ್ಲ. ಹುತ್ತರಿಗೆ ಎಲ್ಲರೂ ಮನೆಗೆ ಬಂದಾಗ ಎಲ್ಲರ ಫೋನಿನ ಫೋಟೋ ಇಳಿಸುವುದು.

ಹಂತ 10: ಮನೆಯವರ ಕೈಯಲ್ಲಿ ತೆರೆಸಿ ನೋಡಿ

ಇಷ್ಟೆಲ್ಲ ಮಾಡಿದವರು ನೀವು. ನೀವಿಲ್ಲದ ದಿನ ಇದು ತೆರೆಯಬೇಕು. ಒಂದು ಹಾಳೆಯಲ್ಲಿ ಕೈಯಲ್ಲೇ ಬರೆಯಿರಿ: ಡಬ್ಬ ಯಾವ ಕಪಾಟಿನಲ್ಲಿದೆ, ಇನ್ನೊಂದು ಡಿಸ್ಕು ಯಾರ ಮನೆಯಲ್ಲಿ, ಬೀಗದ ಫೈಲಿನ ಹೆಸರೇನು, ಯಾವ ಪ್ರೋಗ್ರಾಮಿನಲ್ಲಿ ತೆರೆಯಬೇಕು, ಕ್ಲೌಡ್ ಖಾತೆ ಯಾವ ಇಮೇಲಿನದು. ಪಾಸ್‌ವರ್ಡನ್ನು ಬೇರೆ ಲಕೋಟೆಯಲ್ಲಿ ಹಾಕಿ ಮನೆಪತ್ರ ಇಡುವ ಜಾಗದಲ್ಲಿಡಿ. ಗೂಗಲ್ ಖಾತೆಯಲ್ಲಿ ನಿಷ್ಕ್ರಿಯ ಖಾತೆ ನಿರ್ವಹಣೆ ಎಂಬಲ್ಲಿ, ಇಷ್ಟು ತಿಂಗಳು ನಾನು ಬರದಿದ್ದರೆ ಇಂಥವರಿಗೆ ತಿಳಿಸಿ ಎಂದು ಹೆಸರು ಕೊಡಬಹುದು.

ಕಳೆದ ತುಲಾ ಸಂಕ್ರಮಣದ ಮರುದಿನ ಆ ಹಾಳೆಯನ್ನು ಅಮ್ಮನ ಕೈಗೆ ಕೊಟ್ಟು ನಾನು ಕಣದ ಕಡೆ ಹೋದೆ. 1982ರ ಜುಲೈ ಪುಟ ತೆಗೆದಿಡಿ ಅಮ್ಮಾ ಎಂದಷ್ಟೇ ಹೇಳಿದ್ದೆ. ಅರ್ಧ ಗಂಟೆ ಬಿಟ್ಟು ಬಂದಾಗ ಪುಟ ತೆರೆದಿತ್ತು, ಅಮ್ಮ ಅಜ್ಜನ ಅಕ್ಷರಕ್ಕೆ ಬೆರಳಿಟ್ಟು 19ನೇ ತಾರೀಕಿನ ಸಾಲು ಓದುತ್ತಿದ್ದರು. "ನೋಡು ಮಗಾ, ಅವತ್ತು ಗದ್ದೆ ಬದಿಯ ಸೇತುವೆ ಹೋದದ್ದು. ಮಾವ ಅದನ್ನೂ ಬರೆದಿದ್ದಾರೆ." ಆಮೇಲೆ ನನ್ನ ಹಾಳೆಯ ತಪ್ಪನ್ನೂ ತೋರಿಸಿದರು. ತಂತಿಯ ಯಾವ ತುದಿ ಡಿಸ್ಕಿಗೆ ಎಂದು ನಾನು ಬರೆದಿರಲಿಲ್ಲ, ಅದಕ್ಕೇ ಅವರಿಗೆ ಹತ್ತು ನಿಮಿಷ ಹೋಗಿತ್ತು. ಅಗಲದ ತುದಿ ಲ್ಯಾಪ್‌ಟಾಪಿಗೆ, ಚಪ್ಪಟೆ ಉದ್ದದ್ದು ಡಿಸ್ಕಿಗೆ ಎಂದು ಅಲ್ಲೇ ಸೇರಿಸಿದೆವು, ತಂತಿಯ ಚಿತ್ರವನ್ನು ಅಮ್ಮನೇ ಬರೆದರು.